ಬಲಗಾಲು ತಡವಾಯಿತು

2007ರ ಒಂದು ರಾತ್ರಿ ಬೆಳ್ತಂಗಡಿಯ ಗೆಳೆಯ ಅಮೆರಿಕದಿಂದ ಫೋನ್ ಮಾಡಿದ. ಆಗ ಐಎಸ್‌ಡಿ ಅಂದ್ರೆ ನಿಮಿಷಕ್ಕಿಷ್ಟು ಅಂತ ಲೆಕ್ಕ, ಹಾಗಾಗಿ ಪೀಠಿಕೆಯೇ ಇಲ್ಲ. "ವಿಮಾನ ಹಾಳು ಮಾಡಿಕೊಂಡೆ ಮಾರಾಯ. ನನಗೆ ಎಂತದೂ ಆಗ್ಲಿಲ್ಲ. ಅಪ್ಪನಿಗೆ ಹೇಳ್ಬೇಡ."

ಮೂಡುಬಿದಿರೆಯಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಒಂದೇ ರೂಮು. ನಾನು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಕಡೆಯವನು. ಬಜಪೆಗೆ ಇಳಿಯುವ ವಿಮಾನ ನಮ್ಮ ಗದ್ದೆಯ ಮೇಲೆ ಹಾದುಹೋದರೆ ನೇಜಿ ನೆಡುವ ಹೆಂಗಸರೂ ಒಮ್ಮೆ ಸೊಂಟ ನೆಟ್ಟಗೆ ಮಾಡಿ ತಲೆ ಎತ್ತುತ್ತಿದ್ದರು. ವಿಮಾನದ ಹುಚ್ಚು ಇಬ್ಬರಿಗೂ ಇತ್ತು. ನಾನು ಬಿಇ ಮಾಡಿ ಬೆಂಗಳೂರು ಬಸ್ಸು ಹತ್ತಿದೆ. ಅವನು ನಿಜವಾಗಿಯೂ ಪೈಲಟ್ ಆಗಲು ಹೊರಟ. ಹೊಸ ಹೊಸ ಏರ್‌ಲೈನ್‌ಗಳು ಹುಟ್ಟುತ್ತಿದ್ದ ಕಾಲ ಅದು, ಪೈಲಟ್‌ಗಳು ಸಾಲುತ್ತಿಲ್ಲ ಅಂತ ಪೇಪರಿನಲ್ಲಿ ಬರುತ್ತಿತ್ತು. ಅವನ ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದು ಕಳಿಸಿದ್ದರು.

ಅದು ಅವನ ಮೂರನೇ ಸೋಲೋ, ಅಂದರೆ ಪಕ್ಕದಲ್ಲಿ ಗುರು ಇಲ್ಲದ ಹಾರಾಟ. ವಿಮಾನದ ಹೆಸರು ಸಿಟಾಬ್ರಿಯ. (ಇಂಗ್ಲಿಷ್ ಸ್ಪೆಲ್ಲಿಂಗನ್ನು ಹಿಂದಿನಿಂದ ಓದಿದರೆ 'ಏರ್‌ಬ್ಯಾಟಿಕ್' ಅಂತ ಬರುತ್ತದೆ. ಹೆಸರಿಟ್ಟವರು ನಮ್ಮಂಥ ಎಂಜಿನಿಯರುಗಳೇ ಇರಬೇಕು.) ಎರಡು ಸೀಟು, ಒಂದರ ಹಿಂದೆ ಒಂದು. ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಪುಟ್ಟದೊಂದು. ಥ್ರಾಟಲ್ ಪೂರ್ತಿ ಕೊಟ್ಟ. ಮೂಗು ಎಡಕ್ಕೆ ಎಳೆಯಿತು. ಬಲಗಾಲಿನ ಪೆಡಲ್ ಒತ್ತಿದ, ಒಂದು ಕ್ಷಣ ತಡವಾಗಿ. ತಡವಾಯಿತಲ್ಲ ಅಂತ ಗಾಬರಿಯಲ್ಲಿ ಜಾಸ್ತಿ ಒತ್ತಿದ. ಈಗ ಮೂಗು ಬಲಕ್ಕೆ ತಿರುಗಿತು, ನಿಲ್ಲಲೇ ಇಲ್ಲ. ಬಲಚಕ್ರ ಹುಲ್ಲಿಗಿಳಿಯಿತು, ಎಡರೆಕ್ಕೆ ನೆಲಕ್ಕೆ ತಾಗಿತು, ವಿಮಾನ ಬುಗುರಿಯ ಹಾಗೆ ಸುತ್ತಿ ನಿಂತಾಗ ಪ್ರೊಪೆಲ್ಲರ್ ಬಾಡಿದ ಬಾಳೆಲೆಯ ಹಾಗೆ ಮಡಚಿಕೊಂಡಿತ್ತು. ಎಲ್ಲ ಸೇರಿ ಹತ್ತು ಸೆಕೆಂಡಿನ ಕಥೆ.

ಕೆಲವು ತಿಂಗಳ ಮೇಲೆ ವರದಿ ಬಂತು. ಕಾರಣ ಎಂಬ ಜಾಗದಲ್ಲಿ ಒಂದೇ ವಾಕ್ಯ. ಟೇಕಾಫ್ ಓಟದಲ್ಲಿ ದಿಕ್ಕಿನ ಹಿಡಿತ ಕಾಯ್ದುಕೊಳ್ಳುವಲ್ಲಿ ವಿದ್ಯಾರ್ಥಿ ಪೈಲಟ್ ವಿಫಲನಾದದ್ದು. ಅಷ್ಟೇ. ಅಮೆರಿಕದ ಇಂಥ ವರದಿಗಳನ್ನು ಆಮೇಲೆ ತುಂಬಾ ಓದಿದೆ. ಬಾಲಚಕ್ರದ ವಿಮಾನ ಅಂದರೆ ಹೆಚ್ಚುಕಮ್ಮಿ ಇದೇ ವಾಕ್ಯ, ಅಚ್ಚು ಹಾಕಿದ ಹಾಗೆ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಓದಿದಾಗೆಲ್ಲ ನನಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಒಂದೇ ತಪ್ಪನ್ನು ಸಾವಿರಾರು ಜನ ಒಂದೇ ಥರ ಮಾಡಿದರೆ ಅದು ಎಷ್ಟರ ಮಟ್ಟಿಗೆ ಅವರ ತಪ್ಪು? ನಮ್ಮ ಕೆಲಸದಲ್ಲಿ ಒಂದೇ ಬಟನ್ನನ್ನು ಎಲ್ಲ ಯೂಸರ್‌ಗಳೂ ತಪ್ಪಾಗಿ ಒತ್ತುತ್ತಿದ್ದಾರೆ ಅಂದರೆ ಯೂಸರ್‌ಗಳನ್ನು ಬಯ್ಯುವುದಿಲ್ಲ ಅಲ್ವಾ? (ಸರಿ, ಬಯ್ಯುತ್ತೇವೆ. ಆದರೆ ಮೀಟಿಂಗಿನಲ್ಲಿ ಬಯ್ಯುವುದಿಲ್ಲ.)

ಮೊದಲು ಯಂತ್ರ ಅರ್ಥ ಆಗಬೇಕು. ಸೂಪರ್‌ಮಾರ್ಕೆಟ್ಟಿನಲ್ಲಿ ಹಿಡಿಕೆಯ ಕಡೆಯ ಎರಡು ಚಕ್ರ ತಿರುಗದ, ಮುಂದಿನ ಎರಡು ಮಾತ್ರ ತಿರುಗುವ ಟ್ರಾಲಿ ಸಿಕ್ಕಿದರೆ ಸಾಮಾನು ತುಂಬಿ ಒಮ್ಮೆ ಮುಂದಕ್ಕೆ ತಳ್ಳಿ ಕೈಬಿಡಿ. ನೆಟ್ಟಗೆ ಹೋಗುತ್ತದೆ. ಅದನ್ನೇ ಹಿಮ್ಮುಖವಾಗಿ ತಳ್ಳಿ ಕೈಬಿಡಿ. ಎರಡು ಮಾರು ಹೋಗುವಷ್ಟರಲ್ಲಿ ಗಿರ್ರನೆ ತಿರುಗಿ ತನ್ನ ಮುಖ ತಾನೇ ಸರಿ ಮಾಡಿಕೊಳ್ಳುತ್ತದೆ. ಭಾರ ಹಿಂದೆ ಇದ್ದು, ತಿರುಗದ ಚಕ್ರ ಮುಂದೆ ಇದ್ದರೆ ಭಾರಕ್ಕೆ ಚಕ್ರವನ್ನು ದಾಟಿ ಮುಂದೆ ಹೋಗುವ ಆತುರ. ಬಾಲಚಕ್ರದ ವಿಮಾನ ಅಂದರೆ ಹಿಮ್ಮುಖ ಓಡುವ ಟ್ರಾಲಿಯೇ. ಊರಿನ ಉದಾಹರಣೆ ಬೇಕಾದರೆ, ಮೂಡುಬಿದಿರೆಯ ಕಡಲಕೆರೆಯ ಕಂಬಳದಲ್ಲಿ ಕೋಣಗಳು ಮುಂದೆ, ಹಲಗೆ ಹಿಂದೆ. ಎಳೆತ ಇರುವಷ್ಟು ಹೊತ್ತು ಹಲಗೆ ಕೋಣಗಳ ಹಿಂದೆಯೇ ಬರುತ್ತದೆ. ಈಗ ಹಲಗೆಯನ್ನು ಮುಂದಿಟ್ಟು ಕೋಣಗಳಿಂದ ಹಿಂದಿನಿಂದ ದೂಡಿಸುವುದನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆ ನಿಂತವನ ಕಷ್ಟ ಆ ವಿದ್ಯಾರ್ಥಿಯ ಕಷ್ಟ.

ಇದರ ಮೇಲೆ ಪ್ರೊಪೆಲ್ಲರಿನ ತಂಟೆ. ಅಮೆರಿಕನ್ ಎಂಜಿನ್‌ಗಳ ಪ್ರೊಪೆಲ್ಲರ್ ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದು ಹಿಂದಕ್ಕೆ ತಳ್ಳುವ ಗಾಳಿ ಸುರುಳಿ ಸುತ್ತಿಕೊಂಡು ಬಂದು ಬಾಲದ ಎಡಮೈಗೆ ಬಡಿಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಬಾಲ ನೆಲದಲ್ಲಿ ಇರುವಾಗ ಪ್ರೊಪೆಲ್ಲರ್ ಓರೆಯಾಗಿರುವುದರಿಂದ ಕೆಳಗಿಳಿಯುವ ಬಲಗಡೆಯ ಅಲಗು ಹೆಚ್ಚು ಗಾಳಿ ಹಿಡಿಯುತ್ತದೆ. ಮೂಗು ಮತ್ತೆ ಎಡಕ್ಕೆ. ಎಂಜಿನ್ನಿನ ತಿರುಚು ಬಲ ಎಡಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಅದೂ ಎಡಕ್ಕೆ. ವೇಗ ಬಂದ ಮೇಲೆ ಕಡ್ಡಿಯನ್ನು ಮುಂದೆ ತಳ್ಳಿ ಬಾಲ ಎತ್ತಬೇಕು. ಎತ್ತಿದ ಆ ಗಳಿಗೆಯಲ್ಲಿ ತಿರುಗುವ ಪ್ರೊಪೆಲ್ಲರ್ ಬುಗುರಿಯ ಹಾಗೆ ವರ್ತಿಸಿ ಮತ್ತೊಮ್ಮೆ ಎಡಕ್ಕೆ ತಳ್ಳುತ್ತದೆ. ನಾಲ್ಕು ಕಾರಣ, ನಾಲ್ಕೂ ಒಂದೇ ದಿಕ್ಕಿಗೆ, ಆದರೆ ಬೇರೆ ಬೇರೆ ಹೊತ್ತಿಗೆ. ವೇಗ ಕಡಿಮೆ ಇದ್ದಾಗ ರಡ್ಡರಿಗೆ ಶಕ್ತಿ ಇಲ್ಲ, ಪೂರ್ತಿ ಒತ್ತಬೇಕು. ವೇಗ ಬಂದಂತೆ ಅದಕ್ಕೆ ಶಕ್ತಿ ಬರುತ್ತದೆ, ಅಷ್ಟೇ ಒತ್ತಿದರೆ ಜಾಸ್ತಿ ಆಗುತ್ತದೆ. ಸಾಲದ್ದಕ್ಕೆ ಬಾಲ ಕೆಳಗಿರುವಾಗ ಮೂಗು ಆಕಾಶ ನೋಡುತ್ತಿರುತ್ತದೆ, ಎದುರಿನ ರನ್‌ವೇ ಕಾಣುವುದೇ ಕಷ್ಟ. ಕಾಲು ಕಣ್ಣಿಗಿಂತ ಮೊದಲೇ ಎಚ್ಚರಾಗಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗೆ ಮಾಡಿದರು? ಆ ಕಾಲಕ್ಕೆ ಅದೇ ಸರಿಯಾಗಿತ್ತು, ಅದಕ್ಕೆ. ಮೊದಲಿನ ವಿಮಾನ ನಿಲ್ದಾಣ ಅಂದರೆ ಹುಲ್ಲಿನ ಬಯಲು. ಬಾಲದ ಕೆಳಗೆ ಒಂದು ಮರದ ಅಥವಾ ಕಬ್ಬಿಣದ ಊರೆ ಇದ್ದರೆ ಸಾಕು, ಅದು ನೆಲ ಕೆರೆದುಕೊಂಡು ಬ್ರೇಕಿನ ಕೆಲಸ ಮಾಡುತ್ತಿತ್ತು, ಬಾಲವನ್ನು ನೆಟ್ಟಗೂ ಇಡುತ್ತಿತ್ತು. ಪ್ರೊಪೆಲ್ಲರ್ ಕಲ್ಲುಮಣ್ಣಿಗೆ ತಾಗದಷ್ಟು ಎತ್ತರದಲ್ಲಿರುತ್ತಿತ್ತು, ತೂಕವೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಬಯಲಿನಲ್ಲಿ ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಮುಖ ಮಾಡಿ ಓಡಬಹುದಿತ್ತು. ಆಮೇಲೆ ವಿಮಾನಗಳು ಭಾರವಾದವು, ಎರಡನೇ ಮಹಾಯುದ್ಧದ ಹೊತ್ತಿಗೆ ಎಲ್ಲೆಡೆ ಕಾಂಕ್ರೀಟು, ಡಾಂಬರಿನ ಪಟ್ಟಿಗಳು ಬಂದವು. ಪಟ್ಟಿಗೆ ಇರುವುದು ಎರಡೇ ದಿಕ್ಕು. ಗಾಳಿ ಅಡ್ಡ ಬಂದರೆ ಅಡ್ಡವೇ. ಗಟ್ಟಿ ನೆಲದಲ್ಲಿ ಟೈರು ಜಾರುವ ಬದಲು ಕಚ್ಚುತ್ತದೆ. ವಿಮಾನ ಹಾಗೇ ಇತ್ತು, ಅದರ ಕೆಳಗಿನ ನೆಲ ಬದಲಾಯಿತು. ಹಳೆ ಸರ್ವರಿಗೆ ಬರೆದ ಕೋಡನ್ನು ಕ್ಲೌಡಿಗೆ ಹಾಕಿ ಬಿದ್ದಾಗ ಬರೆದವನನ್ನೇ ಹುಡುಕಿಕೊಂಡು ಹೋಗುವವರಿಗೆ ಇದು ಬೇಗ ಅರ್ಥವಾಗಬೇಕು.

ವಿದ್ಯಾರ್ಥಿಗಳಿಗೆ ಮಾತ್ರ ಹೀಗಾಗುವುದು ಅಂದುಕೊಳ್ಳಬೇಡಿ. 1937ರ ಮಾರ್ಚ್ 20ರಂದು ಹೊನೊಲುಲುವಿನ ಲ್ಯೂಕ್ ಫೀಲ್ಡ್‌ನಲ್ಲಿ ಅಮೀಲಿಯಾ ಇಯರ್‌ಹಾರ್ಟ್ ತನ್ನ ಲಾಕ್‌ಹೀಡ್ ಎಲೆಕ್ಟ್ರಾದಲ್ಲಿ ಟೇಕಾಫ್ ಮಾಡುವಾಗ ವಿಮಾನ ಪಕ್ಕಕ್ಕೆ ಎಳೆದು, ಸುತ್ತಿ, ಗಾಲಿ ಮುರಿದು ಹೊಟ್ಟೆಯ ಮೇಲೆ ಜಾರಿತು. ತುಂಬಿದ ಪೆಟ್ರೋಲಿಗೆ ಬೆಂಕಿ ಹಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಅಟ್ಲಾಂಟಿಕ್ಕನ್ನು ಒಬ್ಬಳೇ ದಾಟಿದ್ದ ಹೆಂಗಸು. ಟೈರು ಒಡೆಯಿತು ಅಂದವರಿದ್ದಾರೆ, ಎರಡು ಎಂಜಿನ್ನುಗಳ ಥ್ರಾಟಲ್ಲಿನಲ್ಲಿ ದಿಕ್ಕು ಸರಿ ಮಾಡಲು ಹೋಗಿ ಕೆಡಿಸಿಕೊಂಡಳು ಅಂದವರಿದ್ದಾರೆ. ವಿಮಾನವನ್ನು ಹಡಗಿನಲ್ಲಿ ಹೊತ್ತು ತಂದು ರಿಪೇರಿ ಮಾಡುವಷ್ಟರಲ್ಲಿ ಋತು ಬದಲಾಗಿತ್ತು. ಹಾಗಾಗಿ ಪಶ್ಚಿಮಕ್ಕೆ ಹೋಗಬೇಕಿದ್ದವಳು ಪೂರ್ವಕ್ಕೆ ಹೊರಟಳು. ಆ ಜೂನಿನಲ್ಲಿ ಕರಾಚಿ, ಕಲ್ಕತ್ತಾ ದಾಟಿಕೊಂಡು ಹೋಗಿ ಜುಲೈ 2ರಂದು ಪೆಸಿಫಿಕ್ಕಿನಲ್ಲಿ ಕಾಣೆಯಾದಳು.

ಇನ್ನು ನಮ್ಮ ಕಥೆ. ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿ ಹಾರಾಟ ಕಲಿಯುವುದು ಅಂದರೆ ಟೈಗರ್ ಮಾತ್. ಬ್ರಿಟಿಷರ ಎರಡು ಅಂತಸ್ತಿನ ರೆಕ್ಕೆಯ, ಬಟ್ಟೆ ಹೊದಿಸಿದ ವಿಮಾನ. ಮೂಲ ಮಾದರಿಯಲ್ಲಿ ಬ್ರೇಕೇ ಇರಲಿಲ್ಲ. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಗುರು ಮುಂದಿನ ಸೀಟಿನಲ್ಲಿ, ಶಿಷ್ಯ ಹಿಂದೆ, ಮಾತಾಡಲು ಒಂದು ಕೊಳವೆ. ಸೋಲೋ ಅಂದರೆ ಅಷ್ಟು ದಿನ ಎದುರಿಗೆ ಕಾಣುತ್ತಿದ್ದ ಗುರುವಿನ ತಲೆ ಒಂದು ದಿನ ಇಲ್ಲದಿರುವುದು. ತೂಕ ಕಡಿಮೆಯಾದ ವಿಮಾನ ಅಂದು ಬೇರೆಯೇ ಥರ ಓಡುತ್ತದೆ, ಬೇಗ ನೆಲ ಬಿಡುತ್ತದೆ. ಕಲಿತ ಲೆಕ್ಕವೆಲ್ಲ ಅವತ್ತೇ ತಪ್ಪಬೇಕು!

ಬೆಂಗಳೂರಿನ ಜಕ್ಕೂರಿನ ಸರಕಾರಿ ತರಬೇತಿ ಶಾಲೆಯಿಂದ ಮೊದಲು ಪಾಸಾದದ್ದು ಒಬ್ಬ ಹೆಣ್ಣುಮಗಳು, ಉಷಾ ಸುಂದರಂ, 1949ರಲ್ಲಿ. ಆಮೇಲೆ ಗಂಡ ಕ್ಯಾಪ್ಟನ್ ವಿ. ಸುಂದರಂ ಜೊತೆ ಲಂಡನ್ನಿನಿಂದ ಬೊಂಬಾಯಿಗೆ ಡವ್ ವಿಮಾನವನ್ನು 27 ಗಂಟೆಯಲ್ಲಿ ತಂದರು. ಜಕ್ಕೂರಿನ ಆ ಬಯಲು ಇವತ್ತಿಗೂ ಬಳ್ಳಾರಿ ರೋಡಿನ ಫ್ಲೈಓವರಿನ ಪಕ್ಕದಲ್ಲಿದೆ. ಏರ್‌ಪೋರ್ಟಿಗೆ ಓಡುವ ಕ್ಯಾಬಿನಿಂದ ಬಲಕ್ಕೆ ನೋಡಿದರೆ ಕಾಣುತ್ತದೆ. ನಾವು ಯಾರೂ ನೋಡುವುದಿಲ್ಲ, ಫೋನಿನಲ್ಲಿ ಬೋರ್ಡಿಂಗ್ ಪಾಸ್ ಹುಡುಕುತ್ತಿರುತ್ತೇವೆ.

ನಮ್ಮದೇ ತರಬೇತಿ ವಿಮಾನ ಬೇಕು ಅಂತ ಹೊರಟವರು ಬೆಂಗಳೂರಿನ ಎಚ್‌ಎಎಲ್‌ನವರು. ವಿನ್ಯಾಸದ ಮುಖ್ಯಸ್ಥ ವಿ. ಎಂ. ಘಾಟಗೆ. ಕೊಲ್ಹಾಪುರದ ಕಡೆಯವರು, ಜರ್ಮನಿಯ ಗೋಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಓದಿದವರು, ಐಐಎಸ್‌ಸಿಯಲ್ಲಿ ಪಾಠ ಮಾಡಿದವರು. ಅವರ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು, ಹಾರಿಸಿದವರು ಎಚ್‌ಎಎಲ್‌ನ ಪೈಲಟ್ ಜಮ್ಶೇದ್ ಮುನ್ಶಿ. ಲೋಹದ ಮೈ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್, ಹಿಂದೆ ಮುಂದೆ ಎರಡು ಸೀಟು, ಮತ್ತೆ ಅದೇ ಬಾಲಚಕ್ರ. ಭಾರತದಲ್ಲಿ ವಿನ್ಯಾಸಗೊಂಡು ಉತ್ಪಾದನೆಗೆ ಹೋದ ಮೊದಲ ಎಂಜಿನ್ ವಿಮಾನ ಇದು. ನೂರೆಪ್ಪತ್ತರ ಆಸುಪಾಸು ಕಟ್ಟಿದರು, ಘಾನಾದ ವಾಯುಪಡೆಗೂ ಹೋಯಿತು. ನಮ್ಮ ವಾಯುಪಡೆಯಲ್ಲಿ ದಶಕಗಟ್ಟಲೆ ಹುಡುಗರು ಮೊದಲು ಕಾಲು ಕಲಿತದ್ದು ಇದರಲ್ಲಿ.

ಅದೇ 1951ರ ಡಿಸೆಂಬರ್ 25ರಂದು ನಮ್ಮ ಬಜಪೆ ನಿಲ್ದಾಣ ಶುರುವಾಯಿತು. ಪ್ರಧಾನಿ ನೆಹರೂ ಬಂದಿಳಿದದ್ದು ಡಿಸಿ-3ರಲ್ಲಿ, ಅಂದರೆ ಡಕೋಟದಲ್ಲಿ. ಡಕೋಟಕ್ಕೂ ಬಾಲಚಕ್ರವೇ. ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ಹತ್ತಿದವರು ಸೀಟಿಗೆ ಹೋಗಲು ಗುಡ್ಡ ಹತ್ತಿದ ಹಾಗೆ ನಡೆಯಬೇಕು. ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣಕ್ಕೆ ಬಂದ ಮೊದಲ ವಿಮಾನದೊಳಗೂ ಒಂದು ಏರು!

ಏಳು ವರ್ಷದ ಮೇಲೆ, 1958ರ ಸೆಪ್ಟೆಂಬರ್ 28ರಂದು, ಎಚ್‌ಎಎಲ್‌ನಿಂದಲೇ ಪುಷ್ಪಕ್ ಹಾರಿತು. ಹೆಸರು ರಾಮಾಯಣದ್ದು, ಎಂಜಿನ್ ಅಮೆರಿಕದ ಕಾಂಟಿನೆಂಟಲ್, 90 ಅಶ್ವಶಕ್ತಿ. ನೂರೈವತ್ತಕ್ಕೂ ಹೆಚ್ಚು ಕಟ್ಟಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟರು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. ಟೈಗರ್ ಮಾತ್‌ನ ಜಿಪ್ಸಿ ಎಂಜಿನ್ನು ಅಮೆರಿಕನ್ ಎಂಜಿನ್ನಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಅದರ ಮೂಗು ಎಳೆಯುವುದು ಬಲಕ್ಕೆ, ಒತ್ತಬೇಕಾದ್ದು ಎಡಗಾಲು. ಪುಷ್ಪಕ್‌ನಲ್ಲಿ ಎಳೆಯುವುದು ಎಡಕ್ಕೆ, ಒತ್ತಬೇಕಾದ್ದು ಬಲಗಾಲು. ಟೈಗರ್ ಮಾತ್‌ನಲ್ಲಿ ಪಳಗಿ ಪುಷ್ಪಕ್‌ಗೆ ಬಂದವನ ಕಾಲು ತನಗೆ ಚೆನ್ನಾಗಿ ಗೊತ್ತಿದ್ದ ಕೆಲಸವನ್ನು ಚೆನ್ನಾಗಿಯೇ ಮಾಡಿದರೆ ವಿಮಾನ ಹುಲ್ಲಿಗೆ ಹೋಗುತ್ತದೆ. ಆಗ ವರದಿಯಲ್ಲಿ ಏನು ಬರೆಯಬೇಕು? ದಿಕ್ಕಿನ ಹಿಡಿತ ಕಾಯ್ದುಕೊಳ್ಳುವಲ್ಲಿ ವಿಫಲ. ಮತ್ತೆ ಅದೇ ವಾಕ್ಯ.

ಈ ವಾಕ್ಯವನ್ನು ಮೊದಲು ಗಂಭೀರವಾಗಿ ಪ್ರಶ್ನಿಸಿದವರು ಪೈಲಟ್‌ಗಳಲ್ಲ, ಮನಶ್ಶಾಸ್ತ್ರಜ್ಞರು. ಯುದ್ಧಕಾಲದಲ್ಲಿ ಅಮೆರಿಕದ ಬಿ-17ರಂಥ ಬಾಂಬರುಗಳು ಇಳಿದ ಮೇಲೆ ಪೈಲಟ್‌ಗಳು ಫ್ಲ್ಯಾಪ್ ಮಡಚುವ ಬದಲು ಗಾಲಿಯನ್ನೇ ಮಡಚಿಬಿಡುತ್ತಿದ್ದರು. ಬೇಜವಾಬ್ದಾರಿ ಅಂತ ಬರೆದುಕೊಂಡದ್ದಾಯಿತು. ಆಲ್ಫೋನ್ಸ್ ಚಪಾನಿಸ್ ಎಂಬವರು ಕಾಕ್‌ಪಿಟ್ಟಿನೊಳಗೆ ಹೋಗಿ ನೋಡಿದರೆ ಎರಡೂ ಸ್ವಿಚ್ಚು ಅಕ್ಕಪಕ್ಕ, ಎರಡೂ ಒಂದೇ ಥರ. ಗಾಲಿಯದ್ದಕ್ಕೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನದ್ದಕ್ಕೆ ಬೆಣೆಯ ಆಕಾರ ಅಂಟಿಸಿದರು. ಕೈಗೆ ಮುಟ್ಟಿದರೆ ಗೊತ್ತಾಗುವ ಹಾಗೆ. ಇವತ್ತಿನ ವಿಮಾನದಲ್ಲೂ ಗಾಲಿಯ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ಜೋನ್ಸ್ 'ಪೈಲಟ್ ತಪ್ಪು' ಅಂತ ಬರೆಸಿಕೊಂಡ 460 ಪ್ರಸಂಗಗಳನ್ನು ಕಲೆಹಾಕಿ ನೋಡಿದರು. ಬಹಳಷ್ಟು ತಪ್ಪುಗಳು ಒಂದನ್ನೊಂದು ಹೋಲುತ್ತಿದ್ದವು, ಮತ್ತು ಉಪಕರಣ ಬದಲಾಯಿಸಿದರೆ ಕಡಿಮೆ ಮಾಡಬಹುದಾದಂಥವು.

ಅದಕ್ಕೂ ಮೊದಲಿನ ಇನ್ನೊಂದು ಟೇಕಾಫ್ ಇದೆ. 1935ರ ಅಕ್ಟೋಬರ್ 30, ಒಹಾಯೊದ ರೈಟ್ ಫೀಲ್ಡ್. ಬೋಯಿಂಗಿನ ಹೊಸ ನಾಲ್ಕು ಎಂಜಿನ್ನಿನ ಬಾಂಬರ್, ಮುಂದೆ ಬಿ-17 ಆದ ಮಾದರಿ, ನೆಲ ಬಿಟ್ಟು ಕಡಿದಾಗಿ ಮೇಲೇರಿ, ಹಾಗೇ ಬಿತ್ತು. ಪೈಲಟ್ ಮೇಜರ್ ಹಿಲ್ ಮತ್ತು ಬೋಯಿಂಗಿನ ಲೆಸ್ಲಿ ಟವರ್ ಸತ್ತರು. ನಿಂತಾಗ ಗಾಳಿಗೆ ಅಲ್ಲಾಡದಿರಲಿ ಅಂತ ಹಾಕುವ ಲಾಕು ತೆಗೆದಿರಲಿಲ್ಲ. ಹಿಲ್ ಅನುಭವಿ. ಮರೆಯುವಷ್ಟು ಕೆಲಸಗಳನ್ನು ಒಬ್ಬನ ತಲೆಗೆ ಹೊರಿಸಿದ್ದೇ ತೊಂದರೆ ಅಂತ ಸೈನ್ಯದವರಿಗೆ ಹೊಳೆದು, ಒಂದು ಹಾಳೆಯಲ್ಲಿ ಪಟ್ಟಿ ಮಾಡಿದರು. ನಾವು ಪ್ರತಿ ರಿಲೀಸಿಗೂ ಮುಂಚೆ ಟಿಕ್ ಹಾಕುವ ಚೆಕ್‌ಲಿಸ್ಟಿನ ಅಜ್ಜ ಅದು.

ಬಾಲಚಕ್ರದ ಸಮಸ್ಯೆಗೆ ಪರಿಹಾರ ಬಂದದ್ದೂ ಉಪದೇಶದಿಂದ ಅಲ್ಲ. ಮೂರನೇ ಚಕ್ರವನ್ನು ಬಾಲದಿಂದ ಕಿತ್ತು ಮೂಗಿನ ಕೆಳಗೆ ಇಟ್ಟರು. ಭಾರ ಈಗ ಮುಖ್ಯ ಚಕ್ರಗಳ ಮುಂದೆ ಬಂತು, ಟ್ರಾಲಿ ಸರಿಯಾದ ಮುಖಕ್ಕೆ ಓಡತೊಡಗಿತು. ಸೆಸ್ನಾ 170ಕ್ಕೆ ಬಾಲಚಕ್ರ, 1956ರಲ್ಲಿ ಬಂದ ಸೆಸ್ನಾ 172ಕ್ಕೆ ಮೂಗುಚಕ್ರ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಇದೇ 172. ನಮ್ಮಲ್ಲಿ ಎಚ್‌ಟಿ-2ರ ಜಾಗಕ್ಕೆ ಎಚ್‌ಎಎಲ್‌ನ ಎಚ್‌ಪಿಟಿ-32 ಬಂತು, 1993ರಲ್ಲಿ ಎನ್‌ಎಎಲ್‌ನ ಹಂಸ ಹಾರಿತು. ಎರಡಕ್ಕೂ ಮೂಗುಚಕ್ರ. ಹಳೆ ಪೈಲಟ್‌ಗಳು ಈಗಿನ ಹುಡುಗರಿಗೆ ಕಾಲೇ ಇಲ್ಲ ಅಂತ ಗೊಣಗುತ್ತಾರೆ. ಗೊಣಗಲಿ. ಕಾಲಿನ ಆ ವಿದ್ಯೆ ದೊಡ್ಡದು ಅಂತ ನಾನೂ ಒಪ್ಪುತ್ತೇನೆ. ಆದರೆ ಅದನ್ನು ಕಲಿಯದವರ ಹೆಸರಿನ ಮುಂದೆ ಬರೆದ ವಾಕ್ಯದಲ್ಲಿ ಚಕ್ರದ ಹೆಸರೂ ಇರಬೇಕಿತ್ತು ಅನ್ನುವುದು ನನ್ನ ತಕರಾರು. ಚಕ್ರ ಜರುಗಿಸಿದ ಮೇಲೆ ವಿದ್ಯಾರ್ಥಿಗಳು ರಾತ್ರೋರಾತ್ರಿ ಜಾಣರಾಗಲಿಲ್ಲವಲ್ಲ.

ಗೆಳೆಯ ಲೈಸೆನ್ಸ್ ಮುಗಿಸಿಕೊಂಡೇ ಬಂದ. ಬರುವಷ್ಟರಲ್ಲಿ 2008ರ ಕುಸಿತ, ಕೆಲಸ ಇಲ್ಲ. ಕರೆದ ಒಂದೆರಡು ಕಡೆ ಫಾರ್ಮಿನಲ್ಲಿ ಹಿಂದೆ ಅಪಘಾತ ಆಗಿದೆಯೇ ಅಂತ ಒಂದು ಕಾಲಂ. ಹೌದು ಅಂತ ಬರೆದ. ಯಾಕೆ ಬರೆದೆ ಅಂತ ನಾನು ಬೈದೆ. "ಆದದ್ದು ಹೌದಲ್ವಾ" ಅಂದ. ಅಲ್ಲಿಂದ ಫೋನ್ ಬರಲಿಲ್ಲ. ಆ ಕಾಲಂನಿಂದಲೇ ಬರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಅವನು ಹಾಗೇ ನಂಬಿದ್ದ, ಹತ್ತು ವರ್ಷ. ತೋಟದ ಸಾಲವನ್ನು ಅಡಿಕೆಯೇ ತೀರಿಸಿತು.

ಕಳೆದ ದೀಪಾವಳಿಗೆ ಬೆಳ್ತಂಗಡಿಗೆ ಹೋದಾಗ ಅವನು ಅಂಗಳದಲ್ಲಿ ಟಿಲ್ಲರಿಗೆ ಟ್ರೈಲರ್ ಕಟ್ಟಿ ರಿವರ್ಸ್ ತೆಗೆಯುತ್ತಿದ್ದ. ಟ್ರೈಲರ್ ಕಟ್ಟಿ ರಿವರ್ಸ್ ತೆಗೆದವರಿಗೆ ಗೊತ್ತು, ಸ್ವಲ್ಪ ಹೆಚ್ಚಾದರೆ ಮಡಚಿಕೊಂಡುಬಿಡುತ್ತದೆ. ನಾನು ಜಗಲಿಯಲ್ಲಿ ಕೂತು ಅಮೀಲಿಯಾಳ ಕಥೆ, ಟೈಗರ್ ಮಾತ್‌ನ ಎಡಗಾಲಿನ ಕಥೆ, ಆ 460ರ ಕಥೆ ಎಲ್ಲ ಹೇಳಿದೆ. ಎಂಜಿನ್ ಸದ್ದಿನಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಬಂದ್ ಮಾಡಿ ಇಳಿದು ಬಂದ.

"ಟೈರು ಒಡೆದದ್ದು ಅಂತ ಹೇಳಿದ್ಳಾ ಅವಳು?"

"ಹಾಗೆ ಹೇಳಿದವರೂ ಇದ್ದಾರೆ."

"ನನ್ನ ಟೈರು ಸರಿ ಇತ್ತು ಮಾರಾಯ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎರಡು ಸ್ವಿಚ್ಚಿನ ಕಥೆ ಇನ್ನೊಮ್ಮೆ ಹೇಳು" ಅಂತ ಪಕ್ಕದಲ್ಲಿ ಕೂತ.